ಶಾನನ್ ನದಿಯಲ್ಲಿ ಅಪ್ಪನ ಗಂಟು

ನನಗೆ ಈಜು ಬರುವುದಿಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳಿಗೆ ಅದು ಯಾಕೆ ಬರಬೇಕು? ನಮ್ಮೂರ ಕೆರೆ ಕೋಡಿ ಬಿದ್ದದ್ದನ್ನು ನಾನು ಈ ಐವತ್ತೊಂದು ವರ್ಷದಲ್ಲಿ ಎರಡೇ ಸಲ ನೋಡಿದ್ದೇನೆ. ಕಣ್ತುಂಬ ನೀರು ನೋಡಬೇಕೆಂದರೆ ನಾವು ಹಗರಿಬೊಮ್ಮನಹಳ್ಳಿ ದಾಟಿ ಹಂಪಸಾಗರದವರೆಗೆ ಹೋಗಬೇಕು. ಅಲ್ಲಿ ತುಂಗಭದ್ರೆಯ ಹಿನ್ನೀರು. ಒಮ್ಮೆ ನಮ್ಮ ಶಾಲೆಯ ಶಿಕ್ಷಕರೆಲ್ಲ ಅಲ್ಲಿಗೆ ಹೋಗಿದ್ದೆವು. ಎಲ್ಲರೂ ತೆಪ್ಪ ಹತ್ತಿ ಒಂದು ಸುತ್ತು ಹಾಕಿ ಬಂದರು. ನಾನು ದಂಡೆಯ ಮೇಲೆ ಕೂತು ಅವರ ಚಪ್ಪಲಿ ಕಾದೆ.

ಇಂಥವಳು ದಸರಾ ರಜೆಯಲ್ಲಿ ಐರ್ಲೆಂಡಿಗೆ ಹೊರಟದ್ದು ತಂಗಿಯನ್ನು ನೋಡುವುದಕ್ಕೇ ಹೊರತು ನದಿಯನ್ನು ನೋಡುವುದಕ್ಕಲ್ಲ. ನನಗಿಂತ ಎಂಟು ವರ್ಷ ಚಿಕ್ಕವಳಾದ ಮಂಜುಳಾ ಅತ್ಲೋನ್ ಎಂಬ ಊರಿನಲ್ಲಿ ವೃದ್ಧರ ಆರೈಕೆ ಮನೆಯೊಂದರಲ್ಲಿ ನರ್ಸ್. ಅವಳಿಗೆಂದು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ತುಂಬಿದ ಸೂಟ್‌ಕೇಸಿನ ಜಿಪ್ಪು ಹೊರಡುವ ದಿನವೇ ಕಿತ್ತುಹೋಯಿತು. ಹಗ್ಗ ಸುತ್ತಿ ಗಂಟು ಹಾಕಿದೆ. ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಅದನ್ನು ಬಿಚ್ಚಲು ಹೋಗಿ ಸೋತ. ಇನ್ನೊಬ್ಬಳು ಬಂದಳು, ಅವಳೂ ಸೋತಳು. ಕೊನೆಗೆ ನನ್ನನ್ನೇ ಕರೆದರು. ನಾನು ಹೆಬ್ಬೆರಳಿನಿಂದ ಒಂದು ಎಳೆಯನ್ನು ಹಿಂದಕ್ಕೆ ಒತ್ತಿದೆ, ಬಿಚ್ಚಿಕೊಂಡಿತು. ಅದು ನಮ್ಮಪ್ಪನ ಗಂಟು. ಅಪ್ಪ ಕತ್ತಾಳೆ ನಾರಿನಿಂದ ದನ ಕಟ್ಟುವ ಕಣ್ಣಿ, ದಾವಣಿ, ಜೊತೆಗೆ ಬಾವಿಹಗ್ಗ ಹೊಸೆದು ಸಂತೆಗೆ ಒಯ್ಯುತ್ತಿದ್ದ. ಎತ್ತು ಜಗ್ಗಿದಷ್ಟೂ ಗಂಟು ಬಿಗಿಯಬೇಕು ಎನ್ನುವುದು ಅವನ ಲೆಕ್ಕ. ಅಧಿಕಾರಿಗಳಿಬ್ಬರೂ ನಕ್ಕರು. ನನಗೆ ಸ್ವಲ್ಪ ಹೆಮ್ಮೆಯೂ ಆಯಿತು. ಆ ಹೆಮ್ಮೆಯೇ ಮುಂದೆ ನನ್ನನ್ನು ಎಲ್ಲಿಗೆ ತಂದಿತು ಎಂಬುದನ್ನು ಹೇಳುತ್ತೇನೆ.

ಅತ್ಲೋನ್

ಎರಡನೆಯ ದಿನ ಮಂಜುಳಾ ನನ್ನನ್ನು ತಾನು ಕೆಲಸ ಮಾಡುವ ಮನೆಗೆ ಕರೆದುಕೊಂಡು ಹೋದಳು. ಅದು ಶಾನನ್ ನದಿಯ ದಂಡೆಯಲ್ಲೇ ಇದೆ. ಮೇಲಿನ ಅಂತಸ್ತಿನ ಒಂದು ಕೋಣೆಯಲ್ಲಿ ಬ್ರಿಜಿಡ್ ಎಂಬ ಎಪ್ಪತ್ತು ದಾಟಿದ ಹೆಂಗಸು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ಒಂದೊಂದೇ ಪದವಾಗಿ, ಬಾವಿಯಿಂದ ಸೇದಿದ ಹಾಗೆ ಬರುತ್ತಿತ್ತು. ಪಕ್ಕದಲ್ಲಿ ಗಂಡ ಡರ್ಮಟ್ ಕೂತಿದ್ದರು. ಅವರ ಬೆರಳುಗಳು ವಾತದಿಂದ ಶುಂಠಿ ಬೇರಿನಂತೆ ಸೊಟ್ಟಗಾಗಿದ್ದವು. ಮಂಜುಳಾ ಈ ಹಿರಿಯರನ್ನು ಹೆಸರು ಹಿಡಿದೇ ಕರೆಯುವುದು ಕೇಳಿ ನನಗೆ ಮುಜುಗರವಾಯಿತು. ನಾನು ಕೊನೆಯವರೆಗೂ ‘ಡರ್ಮಟ್ ಸರ್’ ಎಂದೇ ಕರೆದೆ. ಅವರು ನನ್ನನ್ನು ‘ಟೀಚರ್’ ಎಂದರು.

ಈ ದಂಪತಿಗೆ ಒಂದು ಹಳೆಯ ಬೋಟು ಇತ್ತು. ಮೂವತ್ತು ವರ್ಷ ಅದರಲ್ಲೇ ನದಿ ಸುತ್ತಿದವರು. ಡರ್ಮಟ್ ಸ್ಟೀರಿಂಗ್ ಹಿಡಿದರೆ, ಹಗ್ಗ, ಸರಪಳಿ, ಲಂಗರು ಎಲ್ಲ ಬ್ರಿಜಿಡ್‌ರದ್ದು. ಆಕೆ ಹಾಸಿಗೆ ಹಿಡಿದ ಮೇಲೆ ಬೋಟು ನದಿಯ ಮೇಲ್ಭಾಗದ ಕ್ಯಾರಿಕ್ ಎಂಬ ಊರಿನಲ್ಲಿ ಕಟ್ಟಿಹಾಕಿದ್ದು ಹಾಗೇ ಇತ್ತು. ಚಳಿಗಾಲಕ್ಕೆ ಮುಂಚೆ ಅದನ್ನು ತಂದು ಹೆಂಡತಿಯ ಕಿಟಕಿಯ ಕೆಳಗೆ ಕಟ್ಟಬೇಕು ಎನ್ನುವುದು ಡರ್ಮಟ್‌ರ ಹಟ. ಹಿಂದೆ ಎರಡು ಸಲ ಬೇರೆಯವರ ಬೋಟಿನಲ್ಲಿ ಈ ನದಿಯಲ್ಲಿ ಓಡಾಡಿದ್ದ ಮಂಜುಳಾ ಜೊತೆಗೆ ಹೋಗಲು ಒಪ್ಪಿದ್ದಳು. ಡರ್ಮಟ್‌ರ ಗೆಳೆಯರೊಬ್ಬರೂ ಬರುವುದಿತ್ತು, ಆದರೆ ಅವರಿಗೆ ಬೆನ್ನು ಹಿಡಿದುಕೊಂಡು ಹಗ್ಗಕ್ಕೆ ಒಬ್ಬರು ಕಡಿಮೆಯಾದರು.

“ನಮ್ಮಕ್ಕ ಹಗ್ಗದ ಮನಿಯಾಕಿ” ಎಂದಳು ಮಂಜುಳಾ ನನ್ನ ಕಡೆ ನೋಡಿ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಅವರಿಗೆ ಹೇಳಿಬಿಟ್ಟಳು.

“ಲೇ ಮಂಜಿ, ನಂಗ ಈಜಾಕ ಬರಂಗಿಲ್ಲ.”

“ಬೋಟು ಈಜ್ತೈತಿ ಅಕ್ಕಾ. ನೀನ್ಯಾಕ ಈಜಬೇಕು?”

ನಾನು ಬೇಡವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬ್ರಿಜಿಡ್ ಎಡಗೈ ಎತ್ತಿ ನನ್ನನ್ನು ಹತ್ತಿರ ಕರೆದರು. ಅವರ ಮಡಿಲಲ್ಲಿ ಒಂದು ಮರದ ಹಲಗೆ ಇತ್ತು. ಕೈಗೆ ವ್ಯಾಯಾಮವಾಗಲಿ ಎಂದು ಡರ್ಮಟ್ ಮಾಡಿಕೊಟ್ಟದ್ದು. ಅದರ ಮೇಲೆ ಎರಡು ಕೊಂಬಿನ ಒಂದು ಕಬ್ಬಿಣ. ಅದಕ್ಕೆ ಕ್ಲೀಟ್ ಎನ್ನುತ್ತಾರೆ, ಬೋಟಿನ ಹಗ್ಗವನ್ನು ಅದಕ್ಕೇ ಸುತ್ತುವುದು. ಪಕ್ಕದಲ್ಲಿ ಗೇಣುದ್ದದ ಸರಪಳಿ. ಆಕೆ ಒಂದೇ ಕೈಯಲ್ಲಿ ಹಗ್ಗವನ್ನು ಕ್ಲೀಟಿನ ಕೊಂಬುಗಳಿಗೆ ಎಂಟರ ಆಕಾರದಲ್ಲಿ ಸುತ್ತಿ, ಕೊನೆಯ ಸುತ್ತನ್ನು ಮಗುಚಿ ಹಾಕಿದರು. ಬಿಚ್ಚಿ, ನನ್ನ ಕೈಗೆ ಕೊಟ್ಟರು. ನಾನು ಮಾಡಿದೆ. ತಲೆಯಾಡಿಸಿದರು. ಆಮೇಲೆ ಜಾರದ ಕುಣಿಕೆ. ಅದು ನನಗೆ ಬರುತ್ತಿತ್ತು. ಹಸುವಿನ ಕೊರಳಿಗೆ ಹಾಕುವುದು ಅದನ್ನೇ, ಇಲ್ಲದಿದ್ದರೆ ಉರುಲಾಗುತ್ತದೆ. ಮೂರನೆಯದು ಸರಪಳಿಗೆ ಹಗ್ಗ ಹಿಡಿಸುವುದು. ಎಳೆತ ಬರುವ ಕಡೆಗೆ ಮೂರು ಸುತ್ತು, ಅವುಗಳ ಮೇಲೆ ದಾಟಿಸಿ ಆಚೆ ಕಡೆ ಒಂದು ಸುತ್ತು, ತುದಿಯನ್ನು ಅದರಡಿ ತೂರಿಸಬೇಕು. ಎಳೆದರೆ ಹಗ್ಗ ಸರಪಳಿಯನ್ನು ಕಚ್ಚಿಕೊಳ್ಳುತ್ತದೆ. ಇದು ನನಗೆ ಹೊಸತು, ಕೈಗೆ ಹತ್ತಲಿಲ್ಲ. ಆಕೆ ಬಿಡಲಿಲ್ಲ. ನನ್ನ ಬಲಗೈಯನ್ನೇ ತನ್ನ ಬಲಗೈ ಮಾಡಿಕೊಂಡು ಹತ್ತು ಸಲ ಮಾಡಿಸಿದರು.

“ಸರಪಳಿಗೆ... ಗಂಟು... ಬರೋದಿಲ್ಲ” ಎಂದರು.

ಅಷ್ಟು ಹೊತ್ತು ಪಾಠ ಹೇಳಿಸಿಕೊಂಡ ಮೇಲೆ ಬರುವುದಿಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ.

ಕ್ಯಾರಿಕ್

ಬೋಟಿನ ಹಸಿರು ಬಣ್ಣ ಅಲ್ಲಲ್ಲಿ ಎದ್ದಿತ್ತು, ಅಂಚಿನಲ್ಲಿ ಪಾಚಿ ಹಿಡಿದಿತ್ತು. ಮಲಗಲು, ಅಡುಗೆ ಮಾಡಲು ಒಳಗೆ ಜಾಗವಿತ್ತು. ಒಳಗೇ ಒಲೆ, ಹಾಸಿಗೆ ಇಟ್ಟುಕೊಂಡಿದ್ದ ಹಡಗಲಿಯ ಮೇಷ್ಟ್ರೊಬ್ಬರ ಹಳೇ ವ್ಯಾನು ನೆನಪಾಯಿತು. ಹೊರಡುವುದಕ್ಕೆ ಮುಂಚೆಯೇ ನಾನು ಲೈಫ್ ಜಾಕೆಟ್ ಹಾಕಿಕೊಂಡೆ. ಮುಂದೆ ಚಹ ಮಾಡುವಾಗಲೂ ತೆಗೆಯಲಿಲ್ಲ.

ಡರ್ಮಟ್ ಮೂರು ಮಾತು ಹೇಳಿದರು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡ. ಬಿದ್ದ ಹಗ್ಗದ ಸುರುಳಿಯೊಳಗೆ ಕಾಲಿಡಬೇಡ. ಬೋಟಿಗೂ ದಂಡೆಗೂ ನಡುವೆ ಕೈಕಾಲು ಚಾಚಬೇಡ. ಮೂರಕ್ಕೂ ಕಾರಣ ಹೇಳಲಿಲ್ಲ. ಕಾರಣಗಳನ್ನು ನನ್ನ ತಲೆಯೇ ಒಂದಕ್ಕಿಂತ ಒಂದು ಕೆಟ್ಟದಾಗಿ ಕಲ್ಪಿಸಿಕೊಂಡಿತು.

ನದಿ ಶಾಂತವಾಗಿತ್ತು. ಎರಡೂ ಕಡೆ ಜೊಂಡು, ಆಚೆ ಹಸಿರು ಹೊಲ, ಒದ್ದೆ ಕುರಿಗಳು. ನಮ್ಮ ಹೊಸಹಳ್ಳಿ ಕಡೆಯ ಕುರಿಗಾರರು ಈ ಹುಲ್ಲು ನೋಡಿದ್ದರೆ ಮಾತಾಡದೆ ಕೂತುಬಿಡುತ್ತಿದ್ದರು. ಎದುರು ಬಂದ ಬೋಟಿನವರೆಲ್ಲ ಒಂದು ಬೆರಳೆತ್ತಿ ಗುರುತಿನವರಂತೆ ನಮಸ್ಕಾರ ಹೇಳಿದರು. ಸಂಜೆ, ಬೋಟು ಕಟ್ಟುವ ಕಲ್ಲುಕಟ್ಟೆಯ ಹತ್ತಿರ ಬಂದಾಗ ಗುರುತಿಲ್ಲದ ಗಂಡಸೊಬ್ಬ ಐಸ್‌ಕ್ರೀಮ್ ತಿನ್ನುತ್ತಿದ್ದವನು ಅದನ್ನು ಬಾಯಲ್ಲೇ ಕಚ್ಚಿಕೊಂಡು ಎರಡೂ ಕೈ ಚಾಚಿದ. ನಾನು ಎಸೆದ ಹಗ್ಗವನ್ನು ಹಿಡಿದು ಕಂಬಕ್ಕೆ ಸುತ್ತಿ, ಮಾತಿಲ್ಲದೆ ಹೊರಟುಹೋದ. ನದಿಯುದ್ದಕ್ಕೂ ಇದೇ ಪದ್ಧತಿ. ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ತೂರಿದರೆ ಒಳಗಿದ್ದವರು ಹಿಡಿದು ಸೀಟಿನ ಮೇಲೆ ಹಾಸುತ್ತಾರಲ್ಲ, ಹಾಗೆ.

ಅವನು ಸುತ್ತಿದ್ದರ ಮೇಲೆ ನನಗೆ ನಂಬಿಕೆ ಬರಲಿಲ್ಲ. ಊಟಕ್ಕೆ ಮುಂಚೆ ಒಮ್ಮೆ, ಊಟದ ನಡುವೆ ಒಮ್ಮೆ ಎದ್ದು ಹೋಗಿ ಹಗ್ಗ ಮುಟ್ಟಿ ನೋಡಿದೆ. ಮೂರನೆಯ ಸಲ ಎದ್ದಾಗ ಮಂಜುಳಾ ನನ್ನ ಸೆರಗು ಹಿಡಿದು ಕೂರಿಸಿದಳು.

“ಎತ್ತು ಕಟ್ಟಿ ಬಂದೀಯೇನು? ಸುಮ್ನ ಉಣ್ಣು.”

ನೀರಿನ ತೊಟ್ಟಿ

ಈ ನದಿ ಅಲ್ಲಲ್ಲಿ ಮೆಟ್ಟಿಲು ಇಳಿಯುತ್ತದೆ. ಬೋಟು ಮೆಟ್ಟಿಲು ಇಳಿಯಲಾರದು, ಅದಕ್ಕೇ ಲಾಕ್ ಎಂಬ ಕಲ್ಲಿನ ತೊಟ್ಟಿ ಕಟ್ಟಿದ್ದಾರೆ. ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಬೋಟು ಒಳಗೆ ಹೋದ ಮೇಲೆ ಹಿಂದಿನ ಬಾಗಿಲು ಮುಚ್ಚಿ ತೂಬು ಎತ್ತಿ ನೀರು ಬಿಡುತ್ತಾರೆ. ನೀರಿನ ಜೊತೆ ಬೋಟೂ ಇಳಿಯುತ್ತದೆ. ಕೆಳಗಿನ ನದಿಯ ಮಟ್ಟಕ್ಕೆ ಬಂದಾಗ ಮುಂದಿನ ಬಾಗಿಲು ತೆರೆಯುತ್ತಾರೆ.

ಇಳಿಯುವಾಗ ಬೋಟು ಅತ್ತಿತ್ತ ಹೊಯ್ದಾಡದಂತೆ ಹಗ್ಗ ಹಿಡಿಯಬೇಕು. ಬೋಟಿನಿಂದ ಹೊರಟ ಹಗ್ಗ ದಂಡೆಯ ಮೇಲಿನ ಗುಂಡನೆಯ ಕಂಬವನ್ನು ಸುತ್ತಿ ಮತ್ತೆ ನಮ್ಮ ಕೈಗೆ ಬರುತ್ತದೆ. ನೀರು ಇಳಿದಂತೆ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋಗಬೇಕು. ಮೊದಲಿನ ಎರಡು ತೊಟ್ಟಿಗಳಲ್ಲಿ ಮಂಜುಳಾ ಒಬ್ಬಳೇ ಹಿಡಿದಳು, ನಾನು ನೋಡಿದೆ. ಪ್ರಯಾಣದ ಎರಡನೆಯ ದಿನ ಮೂರನೆಯ ತೊಟ್ಟಿಗೆ ಬಂದಾಗ ಗಾಳಿ ಎದ್ದಿತ್ತು. ಹಿಂದಿನ ಹಗ್ಗ ಅವಳಿಗೆ, ಮುಂದಿನದು ನನಗೆ.

“ಅಕ್ಕಾ, ಸುತ್ತಿ ಹಿಡಕೋ ಅಷ್ಟ. ಕಟ್ಟಬ್ಯಾಡ. ತಿಳೀತಾ?” ಎಂದು ಹಿಂದಿನಿಂದ ಕೂಗಿದಳು. ಡರ್ಮಟ್ ಕೂಡ ಅದನ್ನೇ ಎರಡು ಸಲ ಹೇಳಿದರು.

ತಿಳಿಯದೆ ಮಾಡಿದೆ ಎಂದು ನಾನು ಇಲ್ಲಿ ಬರೆಯಬಹುದಿತ್ತು. ಆದರೆ ತಿಳಿದಿತ್ತು. ಬಾಗಿಲು ಮುಚ್ಚಿತು, ನೀರು ಗುಡುಗುಡು ಎಂದಿತು. ಎರಡೂ ಕಡೆಯ ಒದ್ದೆ ಗೋಡೆಗಳು ಎತ್ತರವಾಗತೊಡಗಿದವು. ಗಾಳಿಗೆ ಬೋಟಿನ ಮೂತಿ ಒಮ್ಮೆ ಆಚೆಗೆ ಹೊರಳಿತು, ಹಗ್ಗ ನನ್ನ ಅಂಗೈಯಲ್ಲಿ ಗೇಣುದ್ದ ಜಾರಿತು. ಚಿಕ್ಕವಳಿದ್ದಾಗ ಒಮ್ಮೆ ಬಾವಿಹಗ್ಗ ಹೀಗೇ ಕೈಯಿಂದ ಓಡಿ ಚರ್ಮ ಸುಲಿದಿತ್ತು. ಮೂವರೂ ನನ್ನ ಕೈಯಲ್ಲೇ ಇದ್ದೇವೆ, ನನ್ನ ಕೈಯೋ ಬೆವರುತ್ತಿದೆ ಎನಿಸಿತು. ಯಾರೂ ನೋಡುತ್ತಿರಲಿಲ್ಲ. ಹಗ್ಗದ ತುದಿಯನ್ನು ಬೋಟಿನ ಕ್ಲೀಟಿಗೆ ಸುತ್ತಿ, ಮೇಲೆ ಅಪ್ಪನ ಗಂಟು ಹಾಕಿದೆ. ಹಾಕಿದ ಕೂಡಲೇ ನೆಮ್ಮದಿಯಾಯಿತು. ನಿಜ ಹೇಳುತ್ತೇನೆ, ಆ ಎರಡು ದಿನದಲ್ಲಿ ಮೊದಲ ಸಲ ಉಸಿರು ಸಲೀಸಾಗಿ ಆಡಿದೆ.

ನೀರು ಇಳಿಯುತ್ತಲೇ ಇತ್ತು. ಹಗ್ಗ ಬಿಗಿಯಿತು. ಆಮೇಲೆ ಕಿರುಗುಟ್ಟಿತು. ಬೋಟಿನ ಹಿಂಭಾಗ ನೀರಿನ ಜೊತೆ ಕೆಳಗೆ ಹೋಯಿತು, ಮುಂಭಾಗ ಹೋಗಲಿಲ್ಲ. ನನ್ನ ಕಾಲಡಿಯ ಹಲಗೆ ಓರೆಯಾಯಿತು. ಒಳಗೆ ತಟ್ಟೆಗಳು, ಚಹದ ಕೆಟಲ್ ಜಾರಿ ಬಿದ್ದು ಒಡೆದ ಸದ್ದು. ಇಡೀ ಬೋಟು ನನ್ನ ಗಂಟಿಗೆ ನೇತುಬಿದ್ದಿತ್ತು. ನಾನು ಎಳೆಯನ್ನು ಒತ್ತಿದೆ. ಅಷ್ಟು ಭಾರ ಬಿದ್ದ ಮೇಲೆ ಅದು ಕಲ್ಲಾಗಿತ್ತು.

ಮಂಜುಳಾ ಏರುಹಲಗೆಯ ಮೇಲೆ ತೆವಳುತ್ತಾ ಬಂದು ಗಂಟಿಗೆ ಬೆರಳು ಹಾಕಿದಳು. ಆಗ ಡರ್ಮಟ್ ಕೂಗಿದ ಕೂಗನ್ನು ನಾನು ಮರೆಯಲಾರೆ. “ಕೈ ತೆಗೆ!” ಅವಳು ಕೈ ಹಿಂದಕ್ಕೆ ಎಳೆದಳು. ಅದೇ ಕ್ಷಣಕ್ಕೆ ಹಗ್ಗ ಕ್ಲೀಟಿನ ಮೇಲೆ ಒಂದು ಬೆರಳಗಲ ಸರಿದು ಮತ್ತೆ ಕಚ್ಚಿಕೊಂಡಿತು. ಅವಳ ಬೆರಳು ಇದ್ದದ್ದು ಅಲ್ಲೇ.

ಮೇಲೆ ಬಾಗಿಲು ಕಾಯುವಾತ ಓಡಾಡುತ್ತಿದ್ದ. ಕೆಳಗಿನ ತೂಬು ಮುಚ್ಚಿ, ಮೇಲಿನದನ್ನು ತೆರೆದ. ಚಾಕುವಿನಿಂದ ಹಗ್ಗ ಕುಯ್ದಿದ್ದರೆ ಬೋಟು ಧಡ್ಡೆಂದು ಬೀಳುತ್ತಿತ್ತಂತೆ. ನೀರನ್ನೇ ತಿರುಗಿ ಮೇಲೆ ತರಬೇಕು. ನೀರು ಏರಲು ಎಷ್ಟು ಹೊತ್ತು ಹಿಡಿಯಿತೋ, ನನಗೆ ಒಂದು ಪರೀಕ್ಷೆಯ ಮೂರು ತಾಸಿನಷ್ಟು ಅನಿಸಿತು. ಹಲಗೆ ನೇರವಾಯಿತು. ಹಗ್ಗ ಸಡಿಲವಾಯಿತು. ಆತ ಮೇಲಿನಿಂದ ಬಗ್ಗಿ, ಗಂಟಿನ ಪಕ್ಕ ಕೂತಿದ್ದ ಮಂಜುಳಾಳನ್ನು ನೋಡಿ ಬೈದ. “ನೀನು ಮೊದಲೂ ಈ ದಾರಿಯಲ್ಲಿ ಬಂದವಳಲ್ಲವೇ? ಇಳಿಯುವ ನೀರಿನಲ್ಲಿ ಹಗ್ಗ ಕಟ್ಟಬಾರದು ಅನ್ನುವಷ್ಟು ಗೊತ್ತಿಲ್ಲವೇ?”

ಅವಳು ತಲೆ ತಗ್ಗಿಸಿದಳು. ನಾನು ಬಾಯಿ ತೆರೆಯಲಿಲ್ಲ. ಇಪ್ಪತ್ತಾರು ವರ್ಷ ತರಗತಿಯಲ್ಲಿ ನಿಂತು ‘ಯಾರು ಮಾಡಿದ್ದೋ ಅವರೇ ಎದ್ದು ನಿಲ್ಲಿ’ ಎನ್ನುತ್ತಾ ಬಂದವಳು ನಾನು. ಭಾಷೆ ಬರುವುದಿಲ್ಲ ಎಂಬ ನೆಪ ಸಿಕ್ಕಿತ್ತು, ಅದರ ಹಿಂದೆ ನಿಂತುಕೊಂಡೆ.

ಆತ ಹೋದ ಮೇಲೆ ಎಳೆಯನ್ನು ಒತ್ತಿ ಬಿಚ್ಚಿದೆ. ಮಂಜುಳಾ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು.

“ಅಪ್ಪನ ಗಂಟು” ಎಂದಳು.

ಲೇನ್ಸ್‌ಬರೋ

ಆ ಮಧ್ಯಾಹ್ನ ಲೇನ್ಸ್‌ಬರೋ ಎಂಬ ಸಣ್ಣ ಊರಿನ ಕಟ್ಟೆಗೆ ಬೋಟು ನಿಲ್ಲಿಸಿದೆವು. ಒಡೆದ ತಟ್ಟೆಗಳನ್ನು ಮಂಜುಳಾ ಗುಡಿಸಿದಳು. ನಾನು ಸಹಾಯಕ್ಕೆ ಹೋದರೆ ಪೊರಕೆ ಕೊಡಲಿಲ್ಲ. ದಂಡೆಯ ಬೆಂಚಿನ ಮೇಲೆ ಹೋಗಿ ಕೂತಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

“ಯಾಕ ಸುಮ್ನಿದ್ದೆ?” ಎಂದಳು.

“ಹೆದರಿಕಿ ಆತು.”

“ಕಟ್ಟಿದ್ದು ಹೆದರಿಕಿಗೆ, ಅದು ತಿಳಿತೈತಿ. ಆಮ್ಯಾಲ? ಅಂವ ನಂಗ ಬೈಯೋವಾಗ?” ಬಲಗೈ ಎತ್ತಿ ಬೆರಳು ಅಗಲಿಸಿ ನನ್ನ ಮುಖದ ಮುಂದೆ ಹಿಡಿದಳು. “ಇವು ಹೋಗಿದ್ರ ನಾನೇನು ಮಾಡ್ತಿದ್ದೆ ಅಕ್ಕಾ? ಸೂಜಿ ಹ್ಯಾಂಗ ಹಿಡೀತಿದ್ದೆ? ಇದ್ರ ಮ್ಯಾಲ ಅಲ್ಲೇನು ನಾ ಇಲ್ಲಿ ಬಂದು ನಿಂತಿರೋದು?”

ಆ ಬೆರಳುಗಳಿಗೆ ಅಕ್ಷರ ತಿದ್ದಿಸಿದವಳು ನಾನೇ. ಅವಳ ನರ್ಸಿಂಗ್ ಅರ್ಜಿ ತುಂಬಿಸಿ ಬಳ್ಳಾರಿಗೆ ಬಸ್ಸು ಹತ್ತಿಸಿದ್ದೂ ನಾನೇ. ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ, ಸರಿಯಾಗಿಯೇ ಮಾಡಿದಳು. ಎದ್ದು ಬೋಟಿಗೆ ಹೋದೆ.

ಡರ್ಮಟ್ ನಕ್ಷೆ ಹರಡಿಕೊಂಡು ಕೂತಿದ್ದರು. ನನ್ನ ಇಂಗ್ಲಿಷು ತುಂಡು ತುಂಡು. “ಸರ್, ನಾಟ್ ಮಂಜುಳಾ. ಐ ಟೈ. ಐ ನೋ, ಬಟ್ ಐ ಟೈ” ಎಂದೆ.

ಅವರು ಕನ್ನಡಕ ತೆಗೆದರು. “ಗೊತ್ತು ಟೀಚರ್” ಎಂದರು. “ಮಂಜುಳಾಗೆ ಅಷ್ಟು ಒಳ್ಳೆಯ ಗಂಟು ಹಾಕಲು ಬರುವುದಿಲ್ಲ.”

ಅವರು ನಗಲಿಲ್ಲ, ಹಾಗಾಗಿ ಅದು ತಮಾಷೆಯೋ ಏನೋ ನನಗೆ ತಿಳಿಯಲಿಲ್ಲ. ಬ್ರಿಜಿಡ್ ಯಾವಾಗಲೂ ಹೇಳುತ್ತಿದ್ದ ಮಾತೊಂದನ್ನು ನಿಧಾನವಾಗಿ, ನನಗೆ ಅರ್ಥವಾಗುವಂತೆ ಹೇಳಿದರು. ಕಟ್ಟುವ ಮುಂಚೆ ಹೇಗೆ ಬಿಚ್ಚುತ್ತೇನೆ ಎಂದು ಯೋಚಿಸಬೇಕಂತೆ. ಅದಾದ ಮೇಲೆ ಮತ್ತೆ ನಕ್ಷೆ ನೋಡತೊಡಗಿದರು. ನಾಳೆ ದಾಟಬೇಕಾದದ್ದು ರೀ ಎಂಬ ಸರೋವರ. ಅಗಲ ನೀರು, ಅಡಿಯಲ್ಲಿ ಬಂಡೆ. ನಾಳೆ ನಾನು ಹಗ್ಗ ಮುಟ್ಟುವುದಿಲ್ಲ ಎಂದೆ. ಸರಿ ಎಂದರು.

ರೀ ಸರೋವರ

ಬೆಳಿಗ್ಗೆ ಹತ್ತರ ಸುಮಾರಿಗೆ ದಂಡೆಗಳು ಎರಡೂ ಕಡೆ ದೂರ ಸರಿದವು. ಹಂಪಸಾಗರದ ಹಿನ್ನೀರನ್ನೇ ಸಮುದ್ರ ಅಂದುಕೊಂಡಿದ್ದವಳು ನಾನು. ಇಲ್ಲಿ ನೀರು ಬೂದಿ ಬಣ್ಣಕ್ಕೆ ತಿರುಗಿ, ಬಿಳಿ ನೊರೆ ಎದ್ದು, ಬೋಟಿನ ಮೂತಿಗೆ ಬಡಿಯುತ್ತಿತ್ತು. ದಾರಿ ತೋರಿಸುವ ಕೆಂಪು ಕಂಬ, ಕಪ್ಪು ಕಂಬಗಳ ನಡುವೆಯೇ ಹೋಗಬೇಕು. ಅವುಗಳ ಆಚೆ ಬಂಡೆ. ನಾನು ಡರ್ಮಟ್‌ರ ಪಕ್ಕ ಕೂತು ಕಂಬಗಳನ್ನು ಎಣಿಸುತ್ತಿದ್ದೆ.

ಎಂಜಿನ್ ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತಿತು.

ಡರ್ಮಟ್ ಕೀಲಿ ತಿರುಗಿಸಿದರು, ತಿರುಗಿಸಿದರು. ಮೂರು ವರ್ಷದ ಹಳೇ ಡೀಸೆಲಿನಲ್ಲಿ ನೀರು ಸೇರಿತ್ತೆಂದು ಆಮೇಲೆ ಗೊತ್ತಾಯಿತು. ಎಂಜಿನ್ನಿನ ಸದ್ದು ನಿಂತ ಮೇಲೆ ಗಾಳಿಯ ಸದ್ದು ಎಷ್ಟು ದೊಡ್ಡದೆಂದು ತಿಳಿಯಿತು. ಬೋಟು ಅಡ್ಡ ತಿರುಗಿ ಕಪ್ಪು ಕಂಬದ ಕಡೆಗೆ ಸರಿಯತೊಡಗಿತು. ಅದರ ಹಿಂದೆ ನೀರು ಒಡೆದು ಬಿಳಿಯಾಗುತ್ತಿದ್ದ ಜಾಗ ಕಾಣುತ್ತಿತ್ತು.

“ಮಂಜುಳಾ, ರೇಡಿಯೋ! ಟೀಚರ್, ಲಂಗರು!” ಎಂದರು.

ರೇಡಿಯೋದಲ್ಲಿ ಮಾತಾಡುವಷ್ಟು ಇಂಗ್ಲಿಷು ಇದ್ದದ್ದು ಅವಳಿಗೆ. ಡರ್ಮಟ್‌ರ ಕಾಲು ಆ ಕುಲುಕಾಟದಲ್ಲಿ ನಿಲ್ಲುತ್ತಿರಲಿಲ್ಲ. ಉಳಿದವಳು ನಾನು. ಕಂಬಿ ಹಿಡಿದು, ಕೂತು, ತೆವಳಿ ಮೂತಿಗೆ ಹೋದೆ. ಲಂಗರಿನ ಸರಪಳಿ ಒಂದು ಕಬ್ಬಿಣದ ಉರುಳೆಯ ಮೇಲಿಂದ ಹೋಗುತ್ತದೆ. ಉರುಳೆ ತಿರುಗದಂತೆ ತಡೆಯಲು ಒಂದು ಹಲ್ಲು. ಹಲ್ಲು ಎತ್ತಿದೆ. ಲಂಗರು ಬಿತ್ತು. ಸರಪಳಿ ಖಣಖಣ ಸದ್ದು ಮಾಡುತ್ತಾ ನನ್ನ ಮೊಣಕಾಲಿನ ಪಕ್ಕದಲ್ಲೇ ಓಡಿತು. ಕೆಂಪು ಬಳಿದ ಗುರುತು ಬಂದಾಗ ಹಲ್ಲು ಹಾಕು ಎಂದಿದ್ದರು. ಹಾಕಿದೆ. ನಿಂತಿತು. ಬೋಟು ಗಾಳಿಗೆ ಮುಖ ತಿರುಗಿಸಿತು. ಅಬ್ಬಾ ಎನ್ನುವಷ್ಟರಲ್ಲಿ ತುಕ್ಕು ಹಿಡಿದ ಹಲ್ಲು ಜಾರಿ, ಸರಪಳಿ ಮೂರು ಕೊಂಡಿ ಮುಂದೆ ಹೋಯಿತು. ನಿಂತಿತು. ಮತ್ತೆ ಎರಡು ಕೊಂಡಿ.

“ಪೂರ್ತಿ ಹೋಗಲು ಬಿಡಬೇಡ! ಅದರ ಕೊನೆ ಹಳೇ ಹಗ್ಗಕ್ಕೆ ಕಟ್ಟಿದೆ, ತಡೆಯುವುದಿಲ್ಲ!” ಡರ್ಮಟ್ ಕೂಗಿದರು.

ಸರಪಳಿಗೆ ಗಂಟು ಬರುವುದಿಲ್ಲ. ಪಕ್ಕದ ಕ್ಲೀಟಿನಲ್ಲಿ ದಪ್ಪ ಹಗ್ಗವೊಂದಿತ್ತು. ಅದರ ತುದಿಯನ್ನು ಸರಪಳಿಗೆ ಮೂರು ಸುತ್ತು ಸುತ್ತಿ, ದಾಟಿಸಿ, ತೂರಿಸಿದೆ. ಭಾರ ಬಿದ್ದ ಕೂಡಲೇ ಸುತ್ತುಗಳೆಲ್ಲ ಎಣ್ಣೆ ಹಚ್ಚಿದಂತೆ ಜಾರಿಬಿಟ್ಟವು. ತಿರುವು ಉಲ್ಟಾ ಆಗಿತ್ತು. ಕಣ್ಣಿಗೆ ನೀರು ಹೊಡೆಯುತ್ತಿತ್ತು. ಹಲ್ಲು ಮತ್ತೊಮ್ಮೆ ಜಾರಿತು. ಹಗ್ಗ ಸರಪಳಿಯನ್ನು ಎಳೆಯುವುದು ಯಾವ ಕಡೆ? ಕ್ಲೀಟಿನ ಕಡೆ. ಹಾಗಾದರೆ ಸುತ್ತು ಕ್ಲೀಟಿನ ಕಡೆಗೆ ಹೋಗಬೇಕು. ಒಂದು, ಎರಡು, ಮೂರು. ಧೈರ್ಯ ಸಾಲದೆ ಇನ್ನೂ ಎರಡು. ದಾಟಿಸಿ, ಆಚೆ ಒಂದು, ತೂರಿಸಿ, ಒತ್ತಿ ಹಿಡಿದೆ. ಹಗ್ಗದ ಇನ್ನೊಂದು ತುದಿ ಕ್ಲೀಟಿಗೆ ಎಂಟರ ಆಕಾರದಲ್ಲಿ. ಬೋಟು ಹಿಂದಕ್ಕೆ ಜಗ್ಗಿತು. ಹಗ್ಗ ಸರಪಳಿಯನ್ನು ಕಚ್ಚಿತು. ಹಿಂಡಿದಂತೆ ಅದರಿಂದ ನೀರು ತೊಟ್ಟಿಕ್ಕಿತು. ಜಾರಲಿಲ್ಲ.

ಮಂಜುಳಾ ತೆವಳಿಕೊಂಡು ಬಂದು ಪಕ್ಕದಲ್ಲಿ ಕೂತಳು. ರಕ್ಷಣಾ ಬೋಟಿನವರು ಹೊರಟಿದ್ದಾರೆ, ತಡವಾಗಬಹುದು ಎಂದಳು. ದಂಡೆಯ ಬಿಳಿ ಮನೆಯ ಚಿಮಣಿ, ಅದರ ಹಿಂದಿನ ಒಂಟಿ ಮರ, ಎರಡೂ ಒಂದರ ಹಿಂದೆ ಒಂದು ಇರುವ ತನಕ ಬೋಟು ಸರಿದಿಲ್ಲ ಎಂದರ್ಥ ಎಂದು ಡರ್ಮಟ್ ಹೇಳಿಕೊಟ್ಟರು. ಸರಪಳಿಯ ಮೇಲೆ ಕೈ ಇಟ್ಟರೆ, ಲಂಗರು ನೆಲ ಬಿಟ್ಟು ಎಳೆಯುತ್ತಿದ್ದರೆ ಗರಗರ ಎನ್ನುವುದು ತಿಳಿಯುತ್ತದಂತೆ. ನಾನು ಮರ ನೋಡುತ್ತಾ ಕೂತೆ. ಅವಳು ನಾಡಿ ಹಿಡಿದಂತೆ ಎರಡು ಬೆರಳು ಸರಪಳಿಯ ಮೇಲಿಟ್ಟಳು.

“ಹ್ಯಾಂಗೈತಿ?”

“ಸುಮ್ನ ಐತಿ.”

ಐದು ನಿಮಿಷಕ್ಕೊಮ್ಮೆ ಇದೇ ಪ್ರಶ್ನೆ, ಇದೇ ಉತ್ತರ. ಒಮ್ಮೆ ಮರ ಚಿಮಣಿಯ ಹಿಂದಿನಿಂದ ಸರಿದಂತೆ ಕಂಡು, ಅವಳ ಕೈಯ ಪಕ್ಕ ನನ್ನ ಕೈಯನ್ನೂ ಸರಪಳಿಯ ಮೇಲಿಟ್ಟೆ. ಬೋಟು ಹೊಯ್ದಾಡಿ ಮತ್ತೆ ತಿರುಗಿದಾಗ ಮರ ತನ್ನ ಜಾಗಕ್ಕೆ ಬಂತು.

“ಡರ್ಮಟ್ಗ ಹೇಳಿದೆಂತಲ್ಲ ನಿನ್ನಿ” ಎಂದಳು ಅವಳು, ಸರಪಳಿಯಿಂದ ಕೈ ತೆಗೆಯದೆ.

“ಹ್ಞೂಂ.”

“ಇಂಗ್ಲಿಷ್‌ನ್ಯಾಗ?”

“ನಂದೇ ಇಂಗ್ಲಿಷ್‌ನ್ಯಾಗ.”

ಅವಳು ನಕ್ಕಳು. ಒದ್ದೆಯಾಗಿ ನಡುಗುತ್ತಿದ್ದ ನನ್ನ ಭುಜಕ್ಕೆ ಒರಗಿ ಕೂತಳು. “ಅಕ್ಕಾ, ಇದನ್ನರ ಗಟ್ಟಿ ಕಟ್ಟೀ ಇಲ್ಲೋ?” ಎಂದಳು. ನಾನು ನಗಲಿಲ್ಲ. ಮರ ನೋಡುತ್ತಿದ್ದೆ.

ರಕ್ಷಣಾ ಬೋಟು ಬರುವ ಹೊತ್ತಿಗೆ ನನ್ನ ಕೈಕಾಲು ಮರಗಟ್ಟಿದ್ದವು. ಅದರಲ್ಲಿದ್ದವರಲ್ಲಿ ಒಬ್ಬಳು ಶಾಲೆಯ ಅಡುಗೆಯವಳು, ಇನ್ನೊಬ್ಬ ಬಡಗಿ. ಕರೆ ಬಂದರೆ ಕೆಲಸ ಬಿಟ್ಟು ಓಡಿಬರುವ ಜನ. ಬಡಗಿ ನಮ್ಮ ಬೋಟಿಗೆ ಹತ್ತಿ ಎಳೆಯುವ ಹಗ್ಗ ಕಟ್ಟಿದ. ಲಂಗರು ಎತ್ತಬೇಕಿತ್ತು. ಅಷ್ಟು ಹೊತ್ತು ಭಾರ ಹೊತ್ತ ಹಗ್ಗವನ್ನು ನೋಡಿ, ಇದು ಬಿಚ್ಚುವುದಿಲ್ಲ ಎಂದು ಸೊಂಟದ ಚಾಕು ತೆಗೆದ.

“ವೇಟ್” ಎಂದೆ.

ಅವರ ಬೋಟು ನಮ್ಮನ್ನು ಮುಂದಕ್ಕೆಳೆದು ಸರಪಳಿ ಸಡಿಲವಾದಾಗ ಸುತ್ತುಗಳನ್ನು ಹಿಡಿದು ಹಿಂದಕ್ಕೆ ತಳ್ಳಿದೆ. ಒಂದೇ ನೂಕಿಗೆ ಬಳೆ ಕಳಚಿದಂತೆ ಕಳಚಿಬಂದವು. ಬಡಗಿ ಚಾಕು ಮಡಚಿದ. ಅವನೂ ಮಂಜುಳಾಳೂ ಸೇರಿ ಸರಪಳಿ ಎಳೆದರು. ನನಗೆ ಎದ್ದು ನಿಲ್ಲಲಾಗಲಿಲ್ಲ. ಅಲ್ಲೇ ಕೂತು ಬಾಯಿ ಮುಚ್ಚಿಕೊಂಡು ಅತ್ತೆ.

ಮತ್ತೆ ಅತ್ಲೋನ್

ಸಂಜೆ ಬೆಳಕಿರುವಾಗಲೇ ನಮ್ಮನ್ನು ಎಳೆದುಕೊಂಡು ಬಂದು ಆರೈಕೆ ಮನೆಯ ಮುಂದಿನ ಕಟ್ಟೆಗೆ ಸೇರಿಸಿದರು. ಬ್ರಿಜಿಡ್ ಔಷಧಿ ತೆಗೆದುಕೊಂಡು ಮಲಗಿಬಿಟ್ಟಿದ್ದರು, ಎಬ್ಬಿಸುವುದು ಬೇಡ ಎಂದರು ಡರ್ಮಟ್. ಕಿಟಕಿಗೆ ಸರಿಯಾಗಿ ಕಾಣುವಂತೆ ಬೋಟನ್ನು ಹಗ್ಗದಿಂದ ಎಳೆದು ಎರಡು ಸಲ ಹಿಂದೆ ಮುಂದೆ ಸರಿಸಿದೆವು. ಹಿಂದಿನ ಹಗ್ಗ ಮಂಜುಳಾ ಕಟ್ಟಿದಳು, ಮುಂದಿನದನ್ನು ನಾನು. ಗಾಳಿಗೂ ನೀರಿನ ಏರಿಳಿತಕ್ಕೂ ಸ್ವಲ್ಪ ಸಡಿಲ ಬಿಡಬೇಕು ಎಂದರು ಡರ್ಮಟ್. ಬಿಟ್ಟೆ. ಬಿಗಿಯದೆ ಬಿಟ್ಟುಬರುವುದು ನನಗೆ ಸುಲಭವಾಗಿರಲಿಲ್ಲ. ಅಪ್ಪನ ಗಂಟು ಹಾಕಲು ಬೆರಳು ತುರಿಸುತ್ತಿತ್ತು.

ಮರುದಿನ ಬೆಳಿಗ್ಗೆ ಮೂವರೂ ಮೇಲಿನ ಕೋಣೆಗೆ ಹೋದೆವು. ಡರ್ಮಟ್ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದರು. ಬೋಟು ಬಂದಿರುವುದನ್ನು ಹೆಂಡತಿಗೆ ಇನ್ನೂ ಹೇಳಿರಲಿಲ್ಲ. ಮಂಜುಳಾ ಗಾಲಿಕುರ್ಚಿಯನ್ನು ಕಿಟಕಿಯ ಹತ್ತಿರ ತಂದು ನಿಲ್ಲಿಸಿ ಪರದೆ ಸರಿಸಿದಳು.

ಕೆಳಗೆ ಬಿಸಿಲಿನಲ್ಲಿ ಹಸಿರು ಬೋಟು. ಬ್ರಿಜಿಡ್ ನೋಡಿದರು. ಒಂದು ಪಕ್ಕ ಮಾತ್ರ ಅಲುಗುವ ಅವರ ಮುಖದಲ್ಲಿ ಏನಾಗುತ್ತಿದೆ ಎಂದು ನನಗೆ ತಿಳಿಯಲಿಲ್ಲ. ಎಡಗೈಯನ್ನು ಗಾಜಿನ ಮೇಲಿಟ್ಟರು. ಡರ್ಮಟ್ ಬೇರೆ ಕಡೆ ತಿರುಗಿ ಮೂಗು ಒರೆಸಿಕೊಂಡರು. ಬ್ರಿಜಿಡ್‌ರ ಬಾಯಿ ಎರಡು ಸಲ ತೆರೆದು ಮುಚ್ಚಿತು. ಡರ್ಮಟ್ ಹತ್ತಿರ ಬಗ್ಗಿದರು.

“ಮುಂದಿನ ಹಗ್ಗ...” ಎಂದರು ಆಕೆ. ಇನ್ನಷ್ಟು ಹೊತ್ತು ಹುಡುಕಿ, “ತೀರಾ... ಸಡಿಲ” ಎಂದರು.

ಡರ್ಮಟ್ ನನ್ನ ಕಡೆ ತಿರುಗಿದರು. ಮಂಜುಳಾ ನನ್ನ ಕಡೆ ತಿರುಗಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಮೆಟ್ಟಿಲಿಳಿದು ಓಡಿದೆ.